ಲಾರಿ ಕ್ಯಾಬಿನ್‌ಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆಯೇ?

ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳ, ಭತ್ತ ಹೊರುವ ಹಳೆಯ ಲಾರಿಗಳಲ್ಲಿ ಎಂಜಿನ್ ಚಾಲಕರ ಪಕ್ಕದಲ್ಲೇ ಗುಡುಗುತ್ತದೆ. ಕ್ಯಾಬಿನ್ ಒಳಗೆ ಮೊಟ್ಟೆ ಟ್ರೇ, ಥರ್ಮಾಕೋಲ್ ಅಂಟಿಸಿದರೆ ಸಾಕೇ?

ಸಾಲದು. ಇವು ತೀರಾ ಹಗುರ; ಎಂಜಿನ್ ಸದ್ದನ್ನು ತಡೆಯಲಾರವು. ಮೇಲಾಗಿ ಬೇಗ ಬೆಂಕಿ ಹಿಡಿಯುತ್ತವೆ.

ಏನು ಮಾಡಬೇಕು?
ಮೊದಲು ಬಾಗಿಲಿನ ಹಳೆಯ ರಬ್ಬರ್ ಬೀಡಿಂಗ್ ಬದಲಿಸಿ, ನೆಲದ ತೂತು ಮುಚ್ಚಿ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತದೆ. ತುಕ್ಕು ಉಜ್ಜಿ, ಒರೆಸಿ, ಬಾಗಿಲು ಮತ್ತು ನೆಲದ ತಗಡಿಗೆ ಬ್ಯುಟೈಲ್ ಹಾಳೆ ಒತ್ತಿ ಅಂಟಿಸಿ. ಅದು ತಗಡಿನ ನಡುಕವನ್ನು ಹೀರಿಕೊಳ್ಳುತ್ತದೆ. ಎಂಜಿನ್ ಮುಚ್ಚಳಕ್ಕೆ ಮಾತ್ರ ಬಿಸಿ ತಾಳುವ, ಬೆಂಕಿ ಹಿಡಿಯದ ಹಾಸೇ ಬೇಕು.

ಇದು ಯಾಕೆ ಮುಖ್ಯ?
ಅಮೆರಿಕದ ನಿಯೋಶ್ ಸಂಸ್ಥೆಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಯೇ ಮಿತಿ. 88 ಆದರೆ ಬರೀ 4 ಗಂಟೆ. ಸದ್ದಿನಿಂದ ಶಾಶ್ವತವಾಗಿ ಹಾಳಾದ ಕಿವಿ ಮತ್ತೆ ಸರಿಹೋಗುವುದಿಲ್ಲ. ನಿಮ್ಮ ಪರಿಚಯದ ಚಾಲಕರಿಗೂ ಇದನ್ನು ತಿಳಿಸಿ.