ಬಾರಾ ದ್ವೀಪದ ಪುಟ್ಟ ಹಬ್ಬ: ಹಾಡು ಉಳಿಯಿತು, ಭಾಷೆ ಉಳಿಯುತ್ತಾ?

ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ಬಾರಾ ಅಂತ ಒಂದು ದ್ವೀಪ ಇದೆ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಡಾಂಬರಿನ ರನ್‌ವೇ ಇಲ್ಲ. ಗ್ಲಾಸ್ಗೋದಿಂದ ಬರುವ 19 ಸೀಟಿನ ವಿಮಾನ ಕಡಲ ದಂಡೆಯ ಮರಳಿನ ಮೇಲೆ ಇಳಿಯುತ್ತೆ. ಉಬ್ಬರ ಬಂದರೆ ರನ್‌ವೇ ಪೂರ್ತಿ ನೀರಿನಡಿ. ಹಾಗಾಗಿ ಅಲ್ಲಿನ ಟೈಮ್‌ಟೇಬಲ್ ಸಮುದ್ರದ ಲೆಕ್ಕ ನೋಡಿಕೊಂಡು ತಯಾರಾಗುತ್ತೆ. ಹಡಗಿನಲ್ಲಿ ಹೋಗೋದಾದ್ರೆ ಓಬನ್ ಬಂದರಿನಿಂದ ಐದು ಗಂಟೆಯ ಆಸುಪಾಸು. ದ್ವೀಪ ಸುತ್ತುವ ರಸ್ತೆ ಸುಮಾರು 20 ಕಿ.ಮೀ. ಜನಸಂಖ್ಯೆ ಸುಮಾರು 1,200, ಅಂದರೆ ನಮ್ಮ ಒಂದು ಸಣ್ಣ ಹಳ್ಳಿಯಷ್ಟು.

ಈ ಊರಲ್ಲಿ ಬೇಸಿಗೆಗೊಂದು ಸಂಗೀತ ಹಬ್ಬ ಇದೆ. ಹೆಸರು ‘ಫೇಶ್ ವಾರಿ’. ಗೇಲಿಕ್ ಭಾಷೆಯಲ್ಲಿ ‘ಫೇಶ್’ ಅಂದ್ರೆ ಹಬ್ಬ; ಬಾರಾದ ಹಬ್ಬ ಅಂತ ಅರ್ಥ. ಮೊದಲ ಸಲ ನಡೆದದ್ದು 1981ರಲ್ಲಿ. ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಕಾಣುವಂಥ ದೊಡ್ಡ ಉತ್ಸವ ಏನಲ್ಲ. ಆದರೂ ಒಂದು ಸಣ್ಣ ಸಮುದಾಯ ತನ್ನ ಹಾಡನ್ನು ಹೇಗೆ ಉಳಿಸಿಕೊಳ್ಳಬಹುದು, ಹಾಡು ಉಳಿದ ಮೇಲೂ ಏನೇನು ಕೈತಪ್ಪಬಹುದು ಅನ್ನೋದನ್ನ ಅರ್ಥ ಮಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಮೊದಲು ತರಗತಿ, ಆಮೇಲೆ ವೇದಿಕೆ

ಜಾನಪದ ಉತ್ಸವ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಏನು? ವೇದಿಕೆ, ಫ್ಲೆಕ್ಸು, ಮೆರವಣಿಗೆ, ಮುಂದಿನ ಸಾಲಿನ ಸೋಫಾ. ಕಲಾವಿದರು ಹಾಡ್ತಾರೆ, ನಾವು ಕೇಳ್ತೀವಿ, ಶಾಲು ಹೊದಿಸ್ತಾರೆ, ಮುಗೀತು.

ಫೇಶ್‌ನ ರಚನೆಯೇ ಬೇರೆ. ಅದರ ಮುಖ್ಯ ಭಾಗ ನಡೆಯೋದು ಹಗಲಿನಲ್ಲಿ, ತರಗತಿಗಳಲ್ಲಿ. ಮಕ್ಕಳು ಫಿಡಲ್, ಅಕಾರ್ಡಿಯನ್, ಬ್ಯಾಗ್‌ಪೈಪ್, ತಗಡಿನ ಕೊಳಲು, ಪುಟ್ಟ ಹಾರ್ಪ್, ಗೇಲಿಕ್ ಹಾಡು, ಕುಣಿತ ಕಲೀತಾರೆ. ಕಲಿಸುವವರಲ್ಲಿ ಹೆಸರು ಮಾಡಿದ ಸಂಗೀತಗಾರರೂ ಇರ್ತಾರೆ, ಊರಿನವರೂ ಇರ್ತಾರೆ. ಸಂಜೆಗೆ ‘ಕೇಲಿ’. ಅಂದ್ರೆ ಊರವರೆಲ್ಲ ಒಂದು ಕಡೆ ಸೇರಿ ಹಾಡೋದು, ನುಡಿಸೋದು, ಕುಣಿಯೋದು, ಕತೆ ಹೇಳೋದು. ಆ ಸೀಮೆಯಲ್ಲಿ ಜುಲೈ ತಿಂಗಳ ರಾತ್ರಿ ಹತ್ತಾದರೂ ಬೆಳಕಿರುತ್ತೆ. ಬೆಳಗ್ಗೆ ಕಲಿತದ್ದನ್ನು ಮಗು ಸಂಜೆ ತನ್ನ ಅಜ್ಜಿಯ ಎದುರು ನುಡಿಸುತ್ತೆ. ತಪ್ಪಿದರೆ ತಿದ್ದೋಕೆ ಅಜ್ಜಿ ಅಲ್ಲೇ ಕೂತಿರ್ತಾಳೆ.

ಇದನ್ನ ಶುರು ಮಾಡಿದ್ದು ಸರ್ಕಾರದ ಯಾವ ಇಲಾಖೆಯೂ ಅಲ್ಲ. ಊರಿನ ಕೆಲವು ತಂದೆ-ತಾಯಂದಿರು ಮತ್ತು ಇತರರು ಸೇರಿ ಶುರು ಮಾಡಿದರು. ಅವರ ಚಿಂತೆ ಸರಳವಾಗಿತ್ತು: ನಮ್ಮ ಸಂಗೀತ ನಮ್ಮ ಕಣ್ಣೆದುರೇ ಹೋಗ್ತಿದೆ, ಶಾಲೆ ಅದನ್ನು ಕಲಿಸ್ತಾ ಇಲ್ಲ. ಹಾಗಾದ್ರೆ ನಾವೇ ಕಲಿಸೋಣ.

ಐಡಿಯಾ ಬೇಗ ಹರಡಿತು. ಬೇರೆ ದ್ವೀಪಗಳು, ಬೆಟ್ಟದ ಊರುಗಳು ತಮ್ಮದೇ ಫೇಶ್ ಶುರು ಮಾಡಿದವು. 1988ರಲ್ಲಿ ಇವಕ್ಕೆಲ್ಲ ‘ಫೇಶನ್ ನನ್ ಗೇಲ್’ ಅನ್ನುವ ಒಕ್ಕೂಟ ಬಂತು. ಇವತ್ತು 40ಕ್ಕೂ ಹೆಚ್ಚು ಫೇಶ್‌ಗಳಿವೆ, ಗ್ಲಾಸ್ಗೋ, ಎಡಿನ್‌ಬರೋದಂಥ ನಗರಗಳಲ್ಲೂ. ಸಾಮಾನ್ಯವಾಗಿ ಸಾಂಸ್ಕೃತಿಕ ಯೋಜನೆಗಳು ರಾಜಧಾನಿಯಿಂದ ಊರಿಗೆ ಇಳಿದು ಬರುತ್ತವೆ. ಇಲ್ಲಿ 1,200 ಜನರ ಊರಿನ ಮಾದರಿ ರಾಜಧಾನಿಗೆ ಹೋಯಿತು.

ಶಾಲೆ ಯಾಕೆ ಕಲಿಸಲಿಲ್ಲ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ಕಾಟ್ಲೆಂಡಿನಲ್ಲಿ ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯ ಮಾಡಿದ್ದು 1872ರ ಶಿಕ್ಷಣ ಕಾಯ್ದೆ. ಪ್ರಗತಿಪರ ಕಾಯ್ದೆಯೇ. ಆದರೆ ಅದರಲ್ಲಿ ಗೇಲಿಕ್ ಭಾಷೆಯ ಪ್ರಸ್ತಾಪವೇ ಇರಲಿಲ್ಲ. ನಿಷೇಧ ಅಂತ ಬರೆಯಬೇಕಾದ ಅಗತ್ಯ ಬೀಳಲಿಲ್ಲ, ಬಿಟ್ಟುಬಿಟ್ಟರೆ ಸಾಕಾಯಿತು. ಮನೆಯಲ್ಲಿ ಗೇಲಿಕ್ ಬಿಟ್ಟು ಬೇರೆ ಮಾತೇ ಕೇಳದ ಮಗು ಶಾಲೆಗೆ ಹೋದರೆ ಅಲ್ಲಿ ಇಂಗ್ಲಿಷ್ ಒಂದೇ. ಇಂಗ್ಲಿಷ್ ಬಂದರೆ ಕೆಲಸ, ಕೆಲಸ ಸಿಕ್ಕರೆ ದ್ವೀಪದಿಂದ ಹೊರಗೆ. ಈ ಲೆಕ್ಕ ಗೊತ್ತಿದ್ದ ತಂದೆ-ತಾಯಂದಿರು ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡೋಕೆ ಶುರು ಮಾಡಿದರು. ಯಾರನ್ನ ಬೈಯೋಣ? ನಮ್ಮ ಮನೆಗಳಲ್ಲೂ ಇದೇ ಲೆಕ್ಕ ನಡೆದಿದೆ, ನಡೀತಾ ಇದೆ.

ಅದಕ್ಕೂ ಮೊದಲೇ ಜನ ದ್ವೀಪ ಬಿಟ್ಟಿದ್ದರು, ಎಲ್ಲರೂ ಇಷ್ಟಪಟ್ಟು ಬಿಟ್ಟದ್ದಲ್ಲ. ಬಾರಾ ಮತ್ತು ಹತ್ತಿರದ ಸೌತ್ ಯೂಸ್ಟ್ ದ್ವೀಪಗಳ ಜಮೀನ್ದಾರ ಜಾನ್ ಗಾರ್ಡನ್ 1851ರಲ್ಲಿ ಸಾವಿರಕ್ಕೂ ಹೆಚ್ಚು ರೈತಾಪಿ ಜನರನ್ನು ಕೆನಡಾದ ಹಡಗು ಹತ್ತಿಸಿದ. ಜನರಿಗಿಂತ ಕುರಿ ಸಾಕಿದರೆ ಲಾಭ ಅನ್ನೋದು ಆ ಕಾಲದ ಭೂಮಾಲೀಕರ ಅರ್ಥಶಾಸ್ತ್ರ. 1908ರಲ್ಲಿ, ಪಕ್ಕದ ವ್ಯಾಟರ್ಸೇ ದ್ವೀಪದ ಭೂಮಿಯಲ್ಲಿ ಗುಡಿಸಲು ಹಾಕಿ ಆಲೂಗಡ್ಡೆ ನೆಟ್ಟ ತಪ್ಪಿಗೆ ಹತ್ತು ಜನ ಬಡವರು ಜೈಲಿಗೆ ಹೋದರು. ಗಲಾಟೆ ದೊಡ್ಡದಾಗಿ, ಮರುವರ್ಷ ಸರ್ಕಾರವೇ ಆ ಭೂಮಿ ಕೊಂಡು ಜನರಿಗೆ ಹಂಚಬೇಕಾಯಿತು.

ಅಂದ್ರೆ ಬಾರಾದ ಹಾಡುಗಳ ಹಿಂದೆ ಭೂಮಿಯ ಜಗಳ ಇದೆ, ಭಾಷೆಯ ಜಗಳ ಇದೆ. ಕಡಲಿನದ್ದೂ ಇದೆ. 1930ರ ದಶಕದಲ್ಲಿ ಬಾರಾದಲ್ಲಿ ನೆಲೆಸಿ, ಅಲ್ಲಿನ ಹಾಡುಗಳನ್ನು ಯಂತ್ರದಲ್ಲಿ ಧ್ವನಿಮುದ್ರಿಸೋಕೆ ಶುರು ಮಾಡಿದ ವಿದ್ವಾಂಸ ಜಾನ್ ಲಾರ್ನ್ ಕ್ಯಾಂಬೆಲ್. ಇದೇ ಮನುಷ್ಯ 1933ರಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಝಿ ಜೊತೆ ಸೇರಿ ‘ಸೀ ಲೀಗ್’ ಅಂತ ಒಂದು ಸಂಘಟನೆ ಕಟ್ಟಿದ. ದೊಡ್ಡ ಟ್ರಾಲರ್‌ಗಳು ಬಂದು ದ್ವೀಪದ ಸಣ್ಣ ಮೀನುಗಾರರ ಕಡಲನ್ನು ಬಾಚಿಕೊಂಡು ಹೋಗೋದನ್ನ ತಡೆಯೋದು ಅದರ ಉದ್ದೇಶ. ಮೀನುಗಾರ ಊರು ಬಿಟ್ಟರೆ ಮೀನುಗಾರನ ಹಾಡನ್ನು ಹಾಡೋರು ಯಾರು?

ಟೇಪಿನಲ್ಲಿರೋ ಹಾಡು, ಬಾಯಲ್ಲಿರೋ ಹಾಡು

ನಾನು ಬಾರಾಗೆ ಹೋಗಿಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಹೆಡ್‌ಫೋನು. ‘ಟೋಬರ್ ಅನ್ ಡುಅಲ್ಕಸ್’ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಕ್ಯಾಂಬೆಲ್ ಮುದ್ರಿಸಿದ ಹಾಡುಗಳಿವೆ, 1951ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್‌ನ ಧ್ವನಿಮುದ್ರಿಕೆಗಳಿವೆ. ಯಾರು ಬೇಕಾದರೂ ಕೇಳಬಹುದು.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಟ್ಟೆ ಬಡಿಯುವ ಹಾಡುಗಳು. ಕೈಮಗ್ಗದಿಂದ ಬಂದ ಉಣ್ಣೆಯ ಬಟ್ಟೆಯನ್ನು ಹಳೆಯ ಮೂತ್ರದಲ್ಲಿ ನೆನೆಸಿ (ಅಮೋನಿಯಾ ಇರುತ್ತಲ್ಲ, ಅದಕ್ಕೆ), ಉದ್ದನೆಯ ಹಲಗೆಯ ಸುತ್ತ ಹೆಂಗಸರು ಕೂತು ತಾಳಕ್ಕೆ ಸರಿಯಾಗಿ ಬಡೀತಾರೆ. ಬಟ್ಟೆ ಕುಗ್ಗಿ ದಪ್ಪ ಆಗಬೇಕು. ಒಬ್ಬಳು ಹಾಡು ಎತ್ತಿಕೊಳ್ತಾಳೆ, ಉಳಿದವರು ಸೊಲ್ಲು ಹಿಡೀತಾರೆ. ಕೇಳ್ತಾ ಇದ್ದರೆ ರಾಗಿ ಬೀಸುವ ಕಲ್ಲು ನೆನಪಾಗದೇ ಇರೋಕೆ ಸಾಧ್ಯವಿಲ್ಲ.

ನನ್ನ ಫೋನಿನಲ್ಲೂ ಅಂಥದ್ದೊಂದು ರೆಕಾರ್ಡಿಂಗ್ ಇದೆ. ಅಜ್ಜಿ ಹಾಡಿದ ಬೀಸೋ ಪದ, ನಾಲ್ಕು ನಿಮಿಷ. ಅವರು ತೀರಿಕೊಂಡ ಮೇಲೆ ಮೂರು ಕಡೆ ಬ್ಯಾಕಪ್ ಮಾಡಿ ಇಟ್ಟಿದ್ದೀನಿ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಬುದ್ಧಿ ಬಂತು ಅಂತ ಖುಷಿಪಟ್ಟಿದ್ದೆ. ಆದರೆ ಆ ಹಾಡಿನ ಎರಡನೇ ಸಾಲು ನನಗೆ ಬಾಯಿಗೆ ಬರಲ್ಲ. ಅಮ್ಮನಿಗೆ ಅರ್ಧ ಬರುತ್ತೆ. ಬ್ಯಾಕಪ್ ಇದೆ, ಅದನ್ನು ಓಡಿಸೋ ಸಿಸ್ಟಂ ಇಲ್ಲ.

ಬಾರಾದವರಿಗೆ 1981ರಲ್ಲಿ ಹೊಳೆದದ್ದು ಇದೇ ಅಂತ ನನಗನ್ನಿಸುತ್ತೆ. ಅವರ ಹಾಡುಗಳು ಆಗಲೇ ಟೇಪಿನಲ್ಲಿದ್ದವು, ಅದೂ ಪ್ರಸಿದ್ಧವಾಗಿಯೇ. ಬಾರಾದ ಮೀನುಗಾರನ ಮಗಳು ಫ್ಲೋರಾ ಮ್ಯಾಕ್‌ನೀಲ್ 1947ರಲ್ಲಿ ಕೆಲಸಕ್ಕೆ ಅಂತ ಎಡಿನ್‌ಬರೋಗೆ ಹೋದವಳು. ತಾಯಿ, ಚಿಕ್ಕಮ್ಮಂದಿರಿಂದ ಕಲಿತ ನೂರಾರು ಹಾಡು ಅವಳ ಬಾಯಲ್ಲಿತ್ತು. 1951ರಲ್ಲಿ ಅಲ್ಲಿನ ‘ಪೀಪಲ್ಸ್ ಫೆಸ್ಟಿವಲ್’ನಲ್ಲಿ ಹಾಡಿದಳು. ನಗರದ ಅಂತರರಾಷ್ಟ್ರೀಯ ಉತ್ಸವ ಉಳ್ಳವರದ್ದಾಯಿತು ಅಂತ ಕಾರ್ಮಿಕ ಸಂಘಟನೆಗಳು ಕಟ್ಟಿಕೊಂಡ ಪರ್ಯಾಯ ಉತ್ಸವ ಅದು. ಕೇಲಿ ಏರ್ಪಡಿಸಿದ್ದು ಕವಿ ಹೇಮಿಶ್ ಹೆಂಡರ್ಸನ್, ರೆಕಾರ್ಡ್ ಮಾಡಿದ್ದು ಅಮೆರಿಕದ ಅಲನ್ ಲೋಮ್ಯಾಕ್ಸ್. ಸ್ಕಾಟ್ಲೆಂಡಿನ ಜಾನಪದ ಸಂಗೀತದ ಪುನರುಜ್ಜೀವನ ಅಲ್ಲಿಂದ ಶುರುವಾಯಿತು ಅಂತ ಬಹಳ ಜನ ಬರೆದಿದ್ದಾರೆ.

ನಗರದ ಸಭಾಂಗಣದಲ್ಲಿ ಬಾರಾದ ಹಾಡಿಗೆ ಚಪ್ಪಾಳೆ ಬಿತ್ತು. ಅದಾದ ಮೂವತ್ತು ವರ್ಷಕ್ಕೆ ಬಾರಾದ ಮಕ್ಕಳಿಗೇ ಆ ಹಾಡು ಕಲಿಸೋಕೆ ಪ್ರತ್ಯೇಕ ಹಬ್ಬ ಬೇಕಾಯಿತು. ಮೆಚ್ಚುಗೆಯೂ ಸಂಗ್ರಹವೂ ಒಳ್ಳೆಯದೇ, ಆದರೆ ಎರಡೂ ಮಗುವಿಗೆ ಹಾಡು ಕಲಿಸಲ್ಲ.

ಲೆಕ್ಕ ಎಲ್ಲಿ ತಪ್ಪುತ್ತೆ?

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಕತೆ. ಸಂಗೀತದ ಮಟ್ಟಿಗೆ ನಿಜವಾಗಿಯೂ ಹಾಗೇ. ಭಾಷೆಯ ಅಂಕಿ ಬೇರೆ ಹೇಳುತ್ತೆ.

2011ರಿಂದ 2022ರ ಜನಗಣತಿಯ ನಡುವೆ ಇಡೀ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡಬಲ್ಲವರ ಸಂಖ್ಯೆ ಸುಮಾರು 57,000ದಿಂದ 69,000ದ ಮೇಲಕ್ಕೆ ಏರಿತು. ಹೆಡ್‌ಲೈನ್ ಚೆನ್ನಾಗಿದೆ. ಆದರೆ ಬಾರಾ ಸೇರಿದಂತೆ ಪಶ್ಚಿಮ ದ್ವೀಪಗಳಲ್ಲಿ, ಅಂದ್ರೆ ಭಾಷೆ ಬೀದಿಯಲ್ಲಿ ಬದುಕಿದ್ದ ಕೊನೆಯ ನೆಲೆಯಲ್ಲಿ, ಪ್ರಮಾಣ ಶೇ. 52ರಿಂದ 45ಕ್ಕೆ ಇಳಿಯಿತು. ಅರ್ಧಕ್ಕಿಂತ ಕೆಳಗೆ ಹೋದದ್ದು ಇದೇ ಮೊದಲು. ತರಗತಿಯಲ್ಲಿ ಕಲಿತವರು ಹೆಚ್ಚಿದರು, ಅಂಗಡಿಯಲ್ಲಿ ಮಾತಾಡೋರು ಕಡಿಮೆಯಾದರು. 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಇದು ಹೀಗೇ ಸಾಗಿದರೆ ದ್ವೀಪಗಳಲ್ಲಿ ದಿನಬಳಕೆಯ ಗೇಲಿಕ್ ಹತ್ತು ವರ್ಷದೊಳಗೆ ಕುಸಿಯಬಹುದು ಅಂತ ಎಚ್ಚರಿಸಿತು. ಅದರ ಬಗ್ಗೆ ತಕರಾರುಗಳೂ ಬಂದವು.

ಕಾರಣ ಹುಡುಕೋಕೆ ಸಂಗೀತದ ಕಡೆ ನೋಡಬೇಕಾಗಿಲ್ಲ. ಫೇಶ್‌ನಲ್ಲಿ ಫಿಡಲ್ ಕಲಿತ ಹುಡುಗಿ ಹದಿನೆಂಟಕ್ಕೆ ಕಾಲೇಜಿಗೆ ಅಂತ ಗ್ಲಾಸ್ಗೋಗೆ ಹೋಗ್ತಾಳೆ. ವಾಪಸ್ ಬರಬೇಕು ಅಂದ್ರೆ ಕೆಲಸ ಬೇಕು, ಮನೆ ಬೇಕು, ಹೊತ್ತಿಗೆ ಸರಿಯಾಗಿ ಹಡಗು ಬೇಕು. ದ್ವೀಪದ ಮನೆಗಳು ರಜೆಗೆ ಬರುವವರ ಪಾಲಾಗ್ತಿವೆ. ಹಡಗುಗಳು ಹಳೆಯವು, ಕೆಟ್ಟು ನಿಲ್ತವೆ. ಸರ್ಕಾರ 2015ರಲ್ಲಿ ಆರ್ಡರ್ ಕೊಟ್ಟ ಎರಡು ಹೊಸ ಹಡಗುಗಳಲ್ಲಿ ಮೊದಲನೆಯದು ಸೇವೆಗೆ ಬಂದದ್ದು 2025ರಲ್ಲಿ. 2023ರ ಜೂನ್‌ನಲ್ಲಿ ಸೌತ್ ಯೂಸ್ಟ್‌ನ ಹಡಗು ಸೇವೆ ರದ್ದಾದಾಗ ಜನ ಬಂದರಿಗೆ ಬಂದು ಪ್ರತಿಭಟಿಸಿದರು.

2021ರಲ್ಲಿ ಸರ್ಕಾರ ಒಂದು ಯೋಜನೆ ಹೇಳಿತು: ದ್ವೀಪಗಳಲ್ಲಿ ನೆಲೆಸುವ ಯುವಜನರಿಗೆ, ಕುಟುಂಬಗಳಿಗೆ 50,000 ಪೌಂಡ್‌ವರೆಗೆ ಹಣ. ದ್ವೀಪದವರ ಅಭಿಪ್ರಾಯ ಕೇಳಿದಾಗ ಬೆಂಬಲ ಸಿಗಲಿಲ್ಲ. ಆ ದುಡ್ಡನ್ನು ಇಲ್ಲಿನ ಮೂಲ ಸಮಸ್ಯೆಗಳಿಗೆ ಹಾಕಿ ಅನ್ನೋ ಮಾತು ಬಂತು. ಮರುವರ್ಷ ಯೋಜನೆ ಕೈಬಿಟ್ಟರು. 2025ರಲ್ಲಿ ಬಂದ ಭಾಷಾ ಕಾಯ್ದೆ ಗೇಲಿಕ್‌ಗೆ ಅಧಿಕೃತ ಸ್ಥಾನ ಕೊಟ್ಟಿದೆ. 1872ರಿಂದ ಇಲ್ಲಿಗೆ ಬರೋಕೆ ನೂರೈವತ್ತು ವರ್ಷ ಹಿಡಿಯಿತು. ಆದರೆ ಕಾಯ್ದೆಯಲ್ಲಿ ಸ್ಥಾನ ಸಿಕ್ಕ ಮಾತ್ರಕ್ಕೆ ಬಾರಾದಲ್ಲಿ ಬಾಡಿಗೆ ಮನೆ ಸಿಗಲ್ಲ.

ನಮಗೇನು ಸಂಬಂಧ?

ಎರಡು ಪಾಠ ಇದೆ ಅಂತ ನನ್ನ ಅನಿಸಿಕೆ.

ಮೊದಲನೆಯದು, ಹಣ ಎಲ್ಲಿ ಖರ್ಚಾಗುತ್ತೆ ಅನ್ನೋದು. ನಮ್ಮ ಜಿಲ್ಲಾ ಉತ್ಸವಗಳಲ್ಲಿ ಮುಖ್ಯ ವೇದಿಕೆ ಸಿನಿಮಾ ಗಾಯಕರಿಗೆ, ಮೆರವಣಿಗೆಯ ಬಿಸಿಲು ಡೊಳ್ಳಿನವರಿಗೆ. ಗುರು-ಶಿಷ್ಯ ಪರಂಪರೆಯ ತರಬೇತಿ ಯೋಜನೆಗಳು ನಮ್ಮಲ್ಲೂ ಇವೆ, ಇಲ್ಲ ಅನ್ನಲ್ಲ. ಆದರೆ ಉತ್ಸವದ ಕೇಂದ್ರದಲ್ಲಿ ಕಲಿಯುವ ಮಗುವನ್ನು ಕೂರಿಸಿದ್ದು ಎಷ್ಟು ಕಡೆ? ಮುಂದಿನ ಸಲ ನಿಮ್ಮ ಜಿಲ್ಲೆಯ ಉತ್ಸವದ ಬಜೆಟ್ ನೋಡೋ ಅವಕಾಶ ಸಿಕ್ಕರೆ ಈ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಕಲಿಸೋಕೆ ಎಷ್ಟು, ತೋರಿಸೋಕೆ ಎಷ್ಟು?

ಎರಡನೆಯದು ಸ್ವಲ್ಪ ಕಹಿ. ಹಬ್ಬ ತನ್ನ ಕೆಲಸ ಮಾಡಬಹುದು, ಆದರೆ ಶಾಲೆ, ಬಸ್ಸು, ಮನೆ, ಕೂಲಿಯ ಕೆಲಸವನ್ನೂ ಹಬ್ಬವೇ ಮಾಡೋಕಾಗಲ್ಲ. ತುಳು, ಕೊಡವ ಭಾಷೆಗಳ ಬಗ್ಗೆ ಮಾತಾಡುವಾಗ ನಾವು ಎಂಟನೇ ಪರಿಚ್ಛೇದದ ಹತ್ತಿರ ನಿಂತುಬಿಡ್ತೀವಿ. ಆ ಬೇಡಿಕೆ ನ್ಯಾಯವಾದದ್ದೇ. ಅದರ ಜೊತೆಗೆ, ಆ ಭಾಷೆ ಆಡುವ ಊರುಗಳಲ್ಲಿ ಇಪ್ಪತ್ತೈದರ ಹುಡುಗ-ಹುಡುಗಿಯರು ಯಾಕೆ ಉಳೀತಿಲ್ಲ ಅಂತಲೂ ಕೇಳಬೇಕಲ್ವಾ?

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಆ ಬೀಸೋ ಪದದ ಎರಡನೇ ಸಾಲು ಕೇಳಿದೆ. ಹೇಳಿಕೊಟ್ಟರು. ಮೂರನೆಯದು ಅವರಿಗೆ ನೆನಪಿಲ್ಲ. ಊರಲ್ಲಿ ದೊಡ್ಡಮ್ಮ ಇದ್ದಾರೆ, ಅವರಿಗೆ ಗೊತ್ತಿರಬಹುದು ಅಂದರು. ಈ ಬೇಸಿಗೆಗೆ ಅಣ್ಣನ ಮಗಳನ್ನೂ ಕರ್ಕೊಂಡು ಊರಿಗೆ ಹೋಗಬೇಕು. ದೊಡ್ಡಮ್ಮನಿಗೆ ಎಂಬತ್ತೆರಡು.