4,999 ರೂಪಾಯಿಗೆ 10,000 ವ್ಯಾಟ್ ‘ಡಿಜೆ ಸೆಟ್’: ಹಣ ಕಳಿಸುವ ಮುನ್ನ ಈ ಲೆಕ್ಕ ಮಾಡಿ

ಗಣೇಶ ಹಬ್ಬ ಹತ್ತಿರ ಬರುತ್ತಿದ್ದಂತೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಬಣ್ಣದ ಲೈಟು ಮಿನುಗುವ ದೊಡ್ಡ ಬಾಕ್ಸಿನ ಚಿತ್ರ, ಕೆಳಗೆ ‘10,000 ವ್ಯಾಟ್ ಡಿಜೆ ಸೆಟ್, ಹಬ್ಬದ ಆಫರ್ ಬರೀ 4,999, ಇಂದೇ ಕೊನೆಯ ದಿನ’ ಎಂಬ ಬರಹ, ಅದರ ಕೆಳಗೊಂದು ಲಿಂಕ್.

ಕಳೆದ ವರ್ಷ ಇದೇ ಥರದ ಸಂದೇಶವನ್ನು ನನ್ನ ಚಿಕ್ಕಮ್ಮನ ಮಗ ನನಗೆ ಕಳಿಸಿದ್ದ. ಪಿಯುಸಿ ಮುಗಿಸಿದ್ದಾನೆ, ಡಿಜೆ ಆಗಬೇಕೆಂಬ ಆಸೆ. ಮದುವೆ ಮನೆಗಳಲ್ಲಿ ಊಟ ಬಡಿಸುವ ಕೆಲಸಕ್ಕೆ ಹೋಗಿ 12 ಸಾವಿರ ರೂಪಾಯಿ ಕೂಡಿಟ್ಟಿದ್ದ. ‘ಅಕ್ಕಾ, ಇದು ತಗೊಳ್ಳಬಹುದಾ? ಇವತ್ತೇ ಲಾಸ್ಟ್ ಅಂತೆ’ ಎಂದು ಕೇಳಿದ. ‘ಇವತ್ತು ಬೇಡ, ನಾಳೆ ಹೇಳ್ತೀನಿ’ ಅಂದೆ. ಆ ‘ನಾಳೆ’ಯ ಉತ್ತರವೇ ಈ ಬರಹ. ನಿಮ್ಮ ಮನೆಯಲ್ಲೂ ಇಂಥ ಆಸೆಯ ಹುಡುಗನೋ ಹುಡುಗಿಯೋ ಇದ್ದರೆ ಉಪಯೋಗಕ್ಕೆ ಬರಬಹುದು.

ಡಿಜೆ ಎಂದರೆ ಬಾಕ್ಸ್ ಅಲ್ಲ

ನಮ್ಮಲ್ಲಿ ‘ಡಿಜೆ ತರಿಸಿದ್ದಾರೆ’ ಎಂದರೆ ಲಾರಿ ಮೇಲೆ ಗೋಡೆಯಂತೆ ಜೋಡಿಸಿದ ಸ್ಪೀಕರ್ ಎಂದೇ ಅರ್ಥ. ನಿಜಕ್ಕೂ ಡಿಜೆ, ಅಂದರೆ ಡಿಸ್ಕ್ ಜಾಕಿ, ಒಬ್ಬ ಮನುಷ್ಯ. ಒಂದು ಹಾಡು ಮುಗಿಯುವ ಮೊದಲೇ ಮುಂದಿನ ಹಾಡನ್ನು ಅದರ ತಾಳಕ್ಕೆ ಹೊಂದಿಸಿ, ಕುಣಿಯುವವರ ಕಾಲು ನಿಲ್ಲದಂತೆ ಸೇರಿಸುವುದು ಅವರ ಕೆಲಸ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ತಂಗಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಎಂಬ ಹದಿನೆಂಟರ ಹುಡುಗ ರೆಕಾರ್ಡ್ ನುಡಿಸಿದ. ಹಿಪ್ ಹಾಪ್ ಹುಟ್ಟಿದ್ದು ಅಂದೇ ಎಂದು ಹಲವರು ಹೇಳುತ್ತಾರೆ. ಅವನನ್ನು ಹೆಸರುವಾಸಿ ಮಾಡಿದ ಉಪಾಯವೆಂದರೆ, ಒಂದೇ ಹಾಡಿನ ಎರಡು ರೆಕಾರ್ಡ್‌ಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಕುಣಿಯಲು ಚೆನ್ನಾಗಿರುವ ತಾಳದ ತುಣುಕನ್ನು ಮತ್ತೆ ಮತ್ತೆ ಬರುವಂತೆ ಮಾಡುವುದು.

ಹಾಗಾಗಿ ಕಲಿಯುವವರಿಗೆ ಬೇಕಾದದ್ದು ಮೂರೇ: ಎರಡು ಹಾಡನ್ನು ಒಟ್ಟಿಗೆ ನುಡಿಸುವ ವ್ಯವಸ್ಥೆ, ಒಂದರಿಂದ ಇನ್ನೊಂದಕ್ಕೆ ದಾಟಿಸುವ ಮಿಕ್ಸರ್, ಮುಂದಿನ ಹಾಡನ್ನು ತಾನೊಬ್ಬನೇ ಕೇಳಿಸಿಕೊಳ್ಳಲು ಹೆಡ್‌ಫೋನ್. ಆ ಸಂದೇಶದ ಬಾಕ್ಸಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅದು ಬ್ಲೂಟೂತ್ ಸ್ಪೀಕರ್, ಅಷ್ಟೇ.

10,000 ವ್ಯಾಟ್ ನಿಜವೇ?

ಇದನ್ನು ತಿಳಿಯಲು ಗುಣಾಕಾರ ಬಂದರೆ ಸಾಕು. ವೋಲ್ಟ್ ಅನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ.

ಬಾಕ್ಸಿನ ಜೊತೆ ಬರುವ ಅಡಾಪ್ಟರ್ ತಿರುಗಿಸಿ ನೋಡಿ. ಔಟ್‌ಪುಟ್ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದು 24 ವ್ಯಾಟ್. ಅದರಲ್ಲಿ ಒಂದು ಭಾಗ ಬಿಸಿಯಾಗಿ ಹೋಗುತ್ತದೆ. 24 ವ್ಯಾಟ್ ಒಳಗೆ ಹೋಗುವ ಪೆಟ್ಟಿಗೆಯಿಂದ 10,000 ವ್ಯಾಟ್ ಸದ್ದು ನಿರಂತರವಾಗಿ ಹೊರಬರಲು ಸಾಧ್ಯವಿಲ್ಲ.

‘ಅದು ಬ್ಯಾಟರಿಯಲ್ಲಿ ಓಡುತ್ತದೆ’ ಎನ್ನುತ್ತೀರಾ? 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಅವರ್ ಶಕ್ತಿ. 10,000 ವ್ಯಾಟ್ ಎಳೆದರೆ ಅದು ಸುಮಾರು 30 ಸೆಕೆಂಡಿನಲ್ಲಿ ಖಾಲಿ. ಅದೇ ಜಾಹೀರಾತು ‘4 ಗಂಟೆ ಬ್ಯಾಟರಿ’ ಎಂದೂ ಹೇಳುತ್ತಿದ್ದರೆ, 84 ಅನ್ನು 4ರಿಂದ ಭಾಗಿಸಿ. ಸರಾಸರಿ ಬಳಕೆ 21 ವ್ಯಾಟ್. ಅವರ ಒಂದು ಸಾಲನ್ನು ಅವರದೇ ಇನ್ನೊಂದು ಸಾಲು ಸುಳ್ಳು ಮಾಡುತ್ತದೆ.

ಮನೆಯ ಕರೆಂಟಿನ ಲೆಕ್ಕವೂ ಹೀಗೇ. ಗೀಸರ್ ಹಾಕುವ 16 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟಿನಲ್ಲಿ ಸಿಗುವುದೇ ಹೆಚ್ಚೆಂದರೆ 3,680 ವ್ಯಾಟ್. 10,000 ವ್ಯಾಟ್ ಎಂದರೆ 2,000 ವ್ಯಾಟಿನ ಐದು ಗೀಸರ್ ಒಟ್ಟಿಗೆ ಹಾಕಿದಂತೆ.

ಹಾಗಾದರೆ ಆ ಸಂಖ್ಯೆ ಎಲ್ಲಿಂದ ಬಂತು? ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ‘ಪಿಎಂಪಿಒ’ ಎಂದಿರುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದ ಒಂದು ಕ್ಷಣಕ್ಕೆ ಗರಿಷ್ಠ ಎಷ್ಟು ಶಕ್ತಿ ಬರಬಹುದು ಎಂಬ ಅಂದಾಜು ಅದು. ಅದನ್ನು ಹೀಗೇ ಅಳೆಯಬೇಕು ಎಂಬ ಎಲ್ಲರೂ ಒಪ್ಪಿದ ನಿಯಮವಿಲ್ಲ. ಹಾಗಾಗಿ ತಯಾರಕರು ಬಾಯಿಗೆ ಬಂದ ಸಂಖ್ಯೆ ಅಚ್ಚು ಹಾಕಬಹುದು. ನೋಡಬೇಕಾದದ್ದು ‘ಆರ್‌ಎಂಎಸ್’ ಎಂದು ಬರೆದ ವ್ಯಾಟ್. ನಿರಂತರವಾಗಿ ಎಷ್ಟು ಕೊಡಬಲ್ಲದು ಎಂದು ಹೇಳುವುದು ಅದೇ. ಅದು ಎಲ್ಲೂ ಬರೆದಿಲ್ಲದಿದ್ದರೆ ಅಡಾಪ್ಟರ್ ಲೆಕ್ಕವನ್ನು ನಂಬಿ.

ಇನ್ನೊಂದು ವಿಷಯ. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ವ್ಯಾಟ್ ಹಿಂದೆ ಓಡುವುದು ದುಬಾರಿ ಓಟ.

ಮೊದಲ ತಿಂಗಳ ಖರ್ಚು: ಸೊನ್ನೆ

‘ಮೊಬೈಲಿನಲ್ಲಿ ಡಿಜೆ ಕಲಿಯೋಕಾಗಲ್ಲ’ ಎನ್ನುವುದೂ ಪೂರ್ತಿ ನಿಜವಲ್ಲ. ಡಿಜೇ, ಎಡ್‌ಜಿಂಗ್ ಮಿಕ್ಸ್‌ನಂತಹ ಆ್ಯಪ್‌ಗಳ ಉಚಿತ ಆವೃತ್ತಿಯಲ್ಲೇ ಎರಡು ಡೆಕ್, ನಡುವೆ ಕ್ರಾಸ್‌ಫೇಡರ್ ಇರುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ‘ಮಿಕ್ಸ್’ ಎಂಬ ಮುಕ್ತ ತಂತ್ರಾಂಶ ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹುಡುಕುವಾಗ ಇಂಗ್ಲಿಷಿನಲ್ಲಿ ಅದರ ಹೆಸರಿನ ಕೊನೆಗೆ ಮೂರು ‘ಎಕ್ಸ್’ ಹಾಕಬೇಕು.

ಈ ತಿಂಗಳಲ್ಲಿ ಕಲಿಯಬೇಕಾದದ್ದು ತಾಳ ಹೊಂದಿಸುವುದು. ಒಂದು ಹಾಡು ನಿಮಿಷಕ್ಕೆ 120 ಬೀಟ್, ಇನ್ನೊಂದು 124 ಎಂದಿಟ್ಟುಕೊಳ್ಳಿ. ಎರಡನ್ನೂ ಹಾಗೇ ಒಟ್ಟಿಗೆ ಬಿಟ್ಟರೆ ಒಂದೇ ನಿಮಿಷದಲ್ಲಿ ನಾಲ್ಕು ಬೀಟ್ ವ್ಯತ್ಯಾಸವಾಗುತ್ತದೆ. ಇಬ್ಬರು ತಮಟೆ ಬಾರಿಸುವಾಗ ಒಬ್ಬ ಮುಂದೆ ಓಡಿದರೆ ಹೇಗಿರುತ್ತದೋ ಹಾಗೆ. ಮೊದಲನೆಯದರ ವೇಗವನ್ನು ಶೇ 3.3ರಷ್ಟು ಏರಿಸಿದರೆ ಎರಡೂ ಕೂಡುತ್ತವೆ. ‘ಸಿಂಕ್’ ಬಟನ್ ಒತ್ತಿದರೆ ತಂತ್ರಾಂಶವೇ ಇದನ್ನು ಮಾಡುತ್ತದೆ. ಅದನ್ನು ಬಳಸುವುದು ತಪ್ಪಲ್ಲ. ಆದರೆ ಕಿವಿಯಿಂದ ಹೊಂದಿಸಲು ಬಂದರೆ, ಸಿಂಕ್ ಕೈಕೊಟ್ಟ ದಿನ ನೀವು ಬಚಾವ್.

ಒಂದು ತಿಂಗಳ ನಂತರವೂ ಆಸೆ ಹಾಗೇ ಇದ್ದರೆ ಹಣ ಹಾಕಿ. ಆಸೆ ಇಳಿದರೆ ಹಣ ಉಳಿಯಿತು.

ಮೊದಲ ಖರೀದಿ: ವೈರ್ ಇರುವ ಹೆಡ್‌ಫೋನ್

ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗುವುದಿಲ್ಲ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಲುಪುವುದು ಕೊಂಚ ತಡ, ಎಷ್ಟೋ ಸಲ 200 ಮಿಲಿಸೆಕೆಂಡಿನಷ್ಟು. ಸಿನಿಮಾ ಹಾಡು ಕೇಳಲು ಅದು ಗೊತ್ತೇ ಆಗದು. ಆದರೆ ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟಿಗೂ ಮುಂದಿನ ಬೀಟಿಗೂ ನಡುವೆ ಇರುವುದೇ 500 ಮಿಲಿಸೆಕೆಂಡ್. ಕೋಣೆಯಲ್ಲಿ ಕೇಳುವ ಹಾಡಿಗೂ ಕಿವಿಯೊಳಗಿನ ಹಾಡಿಗೂ ಅರ್ಧ ಬೀಟಿನಷ್ಟು ಅಂತರ ಬಿದ್ದರೆ ತಾಳ ಹೊಂದಿಸುವುದು ಹೇಗೆ? ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಸಾದಾ ಹೆಡ್‌ಫೋನ್ ಸಾಕು. ಶುರುವಿಗೆ ಹಳೇ ಮೊಬೈಲಿನ ಇಯರ್‌ಫೋನ್ ಕೂಡ ನಡೆಯುತ್ತದೆ.

ಎರಡನೆಯದು: ಚಿಕ್ಕ ಕಂಟ್ರೋಲರ್

ಕಂಟ್ರೋಲರ್ ಎಂದರೆ ಎರಡು ತಿರುಗುವ ಚಕ್ರ, ಫೇಡರ್, ಬಟನ್ ಇರುವ ಹಲಗೆ. ಹಾಡು ಓಡುವುದು ಲ್ಯಾಪ್‌ಟಾಪಿನಲ್ಲಿ, ಇದು ಅದರ ಕೈ. ಅಂದರೆ ಲ್ಯಾಪ್‌ಟಾಪ್ ಇಲ್ಲದವರು ಮೊದಲು ‘ನನ್ನ ಫೋನಿನಲ್ಲಿ ಇದು ಕೆಲಸ ಮಾಡುತ್ತದೆಯೇ’ ಎಂದು ಮಾದರಿಯ ಹೆಸರು ಹೇಳಿಯೇ ವಿಚಾರಿಸಬೇಕು. ಬಹಳಷ್ಟು ಮಂದಿ ಎಡವುವುದು ಇಲ್ಲೇ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಮೂರು:

1. ಒಳಗೇ ಸೌಂಡ್ ಕಾರ್ಡ್ ಇದೆಯೇ? ಇದ್ದರೆ ಸ್ಪೀಕರಿಗೆ ಒಂದು ಹಾಡು, ಹೆಡ್‌ಫೋನಿಗೆ ಇನ್ನೊಂದು ಹಾಡು ಕಳಿಸಬಹುದು. ನ್ಯೂಮಾರ್ಕ್ ಡಿಜೆ2ಗೋ2 ಟಚ್, ಹರ್ಕ್ಯುಲೀಸ್ ಇನ್‌ಪಲ್ಸ್ 200 ಮಾದರಿಗಳಲ್ಲಿ ಇದೆ. ಪಯೋನೀರ್ ಡಿಡಿಜೆ-200ರಲ್ಲಿ ಇಲ್ಲ, ಅದಕ್ಕೆ ಬೇರೆ ಸ್ಪ್ಲಿಟರ್ ಕೇಬಲ್ ಬೇಕು.

2. ಯಾವ ತಂತ್ರಾಂಶದ ಜೊತೆ ಓಡುತ್ತದೆ, ಅದರ ಉಚಿತ ಆವೃತ್ತಿ ಸಾಕೇ, ಆಮೇಲೆ ತಿಂಗಳ ಚಂದಾ ಕಟ್ಟಬೇಕೇ?

3. ಬಿಲ್ ಮತ್ತು ಭಾರತದ ವಾರಂಟಿ ಇದೆಯೇ?

ಇಂಥ ಚಿಕ್ಕ ಕಂಟ್ರೋಲರ್‌ಗಳು ಹೊಸದಾದರೆ ಹತ್ತು ಸಾವಿರದ ಆಜುಬಾಜಿನಿಂದ ಶುರುವಾಗುತ್ತವೆ, ಬೆಲೆ ಏರಿಳಿಯುತ್ತಿರುತ್ತದೆ. ‘ಬ್ಲೂಟೂತ್ ಡಿಜೆ ಮಿಕ್ಸರ್’ ಎಂಬ ಹೆಸರಲ್ಲಿ ಎರಡು-ಮೂರು ಸಾವಿರಕ್ಕೆ ಮಾರುವ ಪೆಟ್ಟಿಗೆಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಹೆಚ್ಚಿನವು ಭಾಷಣ, ಭಜನೆಗೆ ಮೈಕ್ ಜೋಡಿಸುವ ಮಿಕ್ಸರ್‌ಗಳು. ಆ ಕೆಲಸಕ್ಕೆ ಒಳ್ಳೆಯವೇ, ಆದರೆ ಎರಡು ಹಾಡಿನ ತಾಳ ಹೊಂದಿಸಲು ಬಾರವು.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದರಲ್ಲಿ ಸಂಕೋಚ ಬೇಡ. ನಿಮ್ಮದೇ ಲ್ಯಾಪ್‌ಟಾಪ್, ಹೆಡ್‌ಫೋನ್ ಒಯ್ಯಿರಿ. ಪ್ರತಿ ಬಟನ್ ಒತ್ತಿ, ಎರಡೂ ಚಕ್ರ ತಿರುಗಿಸಿ. ಹಾಡು ಓಡುತ್ತಿರುವಾಗ ಫೇಡರ್ ನಿಧಾನವಾಗಿ ಎಳೆಯಿರಿ, ಕರಕರ ಸದ್ದು ಬಂದರೆ ಅದು ಸವೆದಿದೆ. ಯುಎಸ್‌ಬಿ ವೈರನ್ನು ಮೆಲ್ಲಗೆ ಅಲುಗಿಸಿದಾಗ ಸಂಪರ್ಕ ತಪ್ಪಿದರೆ ಬಿಟ್ಟುಬಿಡಿ. ನೋಡದೆ ಮುಂಗಡ ಕಳಿಸಬೇಡಿ.

ಸ್ಪೀಕರ್ ಕೊನೆಗೆ, ಬೇಕಾದರೆ ಮಾತ್ರ

ಮದುವೆ, ಕಾಲೇಜು ಕಾರ್ಯಕ್ರಮಗಳಲ್ಲಿ ನುಡಿಸುವ ಎಷ್ಟೋ ಡಿಜೆಗಳ ಬಳಿ ಸ್ವಂತ ಸ್ಪೀಕರ್ ಇರುವುದಿಲ್ಲ. ಅದನ್ನು ಶಾಮಿಯಾನ, ಸೌಂಡ್ಸ್ ಅಂಗಡಿಯವರು ಬಾಡಿಗೆಗೆ ಕೊಡುತ್ತಾರೆ. ಸ್ಪೀಕರ್ ಇಟ್ಟುಕೊಳ್ಳುವುದು ಬೇರೆಯೇ ವ್ಯಾಪಾರ: ಗೋಡೌನ್, ಸಾಗಾಟ, ಜನರೇಟರ್, ರಿಪೇರಿ. ಕಲಿಯುವವರು ಅದಕ್ಕೆ ಸಾಲ ಮಾಡಬೇಕಿಲ್ಲ.

ಹೊಸದು ಸಿಗದ ಸಲಕರಣೆ: ಕಿವಿ

ಕಿವಿಯ ಒಳಗೆ ಸದ್ದನ್ನು ಮಿದುಳಿಗೆ ತಿಳಿಸುವ ಸೂಕ್ಷ್ಮ ರೋಮಕೋಶಗಳಿವೆ. ಅತಿ ಜೋರು ಸದ್ದಿನಿಂದ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಕೆಲಸದ ಜಾಗಗಳಿಗೆ ಅಮೆರಿಕದ ಆರೋಗ್ಯ ಸಂಸ್ಥೆ ನಿಯೋಶ್ ಕೊಡುವ ಮಿತಿ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಬಾಕ್ಸಿನ ಮುಂದೆ ಇಡೀ ರಾತ್ರಿ ನಿಲ್ಲುವವರು ಈ ಲೆಕ್ಕವನ್ನು ಒಮ್ಮೆ ಹಾಕಿಕೊಳ್ಳಲಿ. ಮನೆಗೆ ಬಂದ ಮೇಲೂ ಕಿವಿ ‘ಗುಂಯ್’ ಅನ್ನುತ್ತಿದ್ದರೆ ಅದು ಹಬ್ಬದ ಗುಂಗಲ್ಲ, ಕಿವಿಗೆ ಪೆಟ್ಟು ಬಿದ್ದಿರುವ ಸೂಚನೆ. ಹತ್ತಿ ತುರುಕಿಕೊಂಡರೆ ಸಾಕು ಎಂಬುದೂ ತಪ್ಪು, ಹತ್ತಿ ತಡೆಯುವುದು ಬಹಳ ಕಡಿಮೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಅದಕ್ಕಿಂತ ಎಷ್ಟೋ ವಾಸಿ. ಗುಂಯ್‌ಗುಡುವುದು ಮರುದಿನವೂ ನಿಲ್ಲದಿದ್ದರೆ, ಅಥವಾ ಕೇಳಿಸುವುದು ಕಡಿಮೆಯಾಗಿದ್ದರೆ, ತಡಮಾಡದೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಅಕ್ಕಪಕ್ಕದವರ ಕಿವಿಯ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆರ್ಕೆಸ್ಟ್ರಾ ಕರೆಸಿದ ಸಮಿತಿಗಲ್ಲ.

ಒಟ್ಟಿನಲ್ಲಿ

‘4,999ಕ್ಕೆ 10,000 ವ್ಯಾಟ್ ಡಿಜೆ ಸೆಟ್’ ಎಂಬ ಮಾತಿನಲ್ಲಿ ವ್ಯಾಟ್ ಸುಳ್ಳು, ‘ಡಿಜೆ ಸೆಟ್’ ಎಂಬ ಹೆಸರೂ ಸುಳ್ಳು. ಹಣ ಕಡಿಮೆ ಇದ್ದರೆ ಕ್ರಮ ಹೀಗಿರಲಿ: ಮೊದಲು ಉಚಿತ ಆ್ಯಪ್, ಆಮೇಲೆ ವೈರ್ ಹೆಡ್‌ಫೋನ್, ಆಮೇಲೆ ಸೌಂಡ್ ಕಾರ್ಡ್ ಇರುವ ಚಿಕ್ಕ ಕಂಟ್ರೋಲರ್, ಸ್ಪೀಕರ್ ಬಾಡಿಗೆಗೆ.

ಚಿಕ್ಕಮ್ಮನ ಮಗ ಅಂದು ಲಿಂಕ್ ಒತ್ತಲಿಲ್ಲ. ಒಂದೂವರೆ ತಿಂಗಳು ಅಕ್ಕನ ಹಳೇ ಲ್ಯಾಪ್‌ಟಾಪಿನಲ್ಲಿ, ಅಂದರೆ ನನ್ನದರಲ್ಲಿ, ಅಭ್ಯಾಸ ಮಾಡಿದ. ಆಮೇಲೆ 6,500 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ತಗೊಂಡ. ಹೆಡ್‌ಫೋನಿಗೆ 1,200 ಹೋಯಿತು. ಉಳಿದ 4,300 ಈಗಲೂ ಅವನ ಖಾತೆಯಲ್ಲಿದೆ. ಈ ವರ್ಷ ನಮ್ಮ ಮನೆಯ ಒಂದು ನಿಶ್ಚಿತಾರ್ಥಕ್ಕೆ ಬಾಡಿಗೆ ಸ್ಪೀಕರಿನಲ್ಲಿ ಅವನೇ ನುಡಿಸಿದ. ಎರಡು ಕಡೆ ತಾಳ ತಪ್ಪಿತು. ಕುಣಿಯುತ್ತಿದ್ದ ಅತ್ತೆಯಂದಿರಿಗೆ ಅದು ಗೊತ್ತಾಗಲಿಲ್ಲ.

ಇಂಥ ಸಂದೇಶ ನಿಮಗೆ ಬಂದರೆ ಗುಂಪಿಗೆ ದಾಟಿಸುವ ಮೊದಲು ಮೂರು ವಿಷಯ ನೋಡಿ: ಆರ್‌ಎಂಎಸ್ ವ್ಯಾಟ್ ಬರೆದಿದೆಯೇ, ಮಾರುವವರ ವಿಳಾಸ ಮತ್ತು ಬಿಲ್ ಇದೆಯೇ, ‘ಇಂದೇ ಕೊನೆ’ ಎಂದು ಅವಸರ ಮಾಡುತ್ತಿದ್ದಾರೆಯೇ. ಮೋಸ ಹೋಗಿ ಹಣ ಕಳಿಸಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೊಂಡ ವಸ್ತುವಿನ ದೂರಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.