ಅಭಿಮಾನದ ಎರಡು ಮುಖ

ಕನ್ನಡದಲ್ಲಿ ‘ಅಭಿಮಾನ’ ಎಂಬ ಮಾತಿಗೆ ಎರಡು ಅರ್ಥಗಳುಂಟು: ತನ್ನ ವಿಷಯದಲ್ಲಿ ತನಗಿರುವ ಹೆಮ್ಮೆ ಒಂದು, ಇನ್ನೊಬ್ಬರ ಮೇಲಿನ ಆದರ, ಪ್ರೀತಿ ಮತ್ತೊಂದು. ದಾಂಪತ್ಯದಲ್ಲಿ ಇವೆರಡೂ ಒಂದೇ ಮನೆಯಲ್ಲಿ ವಾಸಮಾಡಬೇಕು. ಕಷ್ಟ ಹುಟ್ಟುವುದು ಅಲ್ಲಿಯೇ.

ಹೃಷೀಕೇಶ ಮುಖರ್ಜಿಯವರು 1973ರಲ್ಲಿ ತೆರೆಗೆ ತಂದ ಹಿಂದಿ ಚಿತ್ರದ ಹೆಸರೂ ‘ಅಭಿಮಾನ್’. ಹೆಸರಾಂತ ಗಾಯಕನೊಬ್ಬ ಹಳ್ಳಿಯ ಹೆಣ್ಣೊಬ್ಬಳ ಕಂಠಕ್ಕೆ ಮನಸೋತು ಮದುವೆಯಾಗುತ್ತಾನೆ. ಅವಳ ಕೀರ್ತಿ ತನ್ನದನ್ನು ಮೀರಿದಾಗ ಸಹಿಸಲಾರದೆ ಹೋಗುತ್ತಾನೆ. ಮೆಚ್ಚಿದ ಗುಣವೇ ಮುಳ್ಳಾದುದು ಹೇಗೆ?

ತನ್ನ ಸಾಮರ್ಥ್ಯವನ್ನು ಅಳೆಯಲು ಬೇರೆ ಅಳತೆಗೋಲಿಲ್ಲದೆಡೆ ಮನುಷ್ಯನು ತನ್ನಂತಿರುವವರೊಡನೆ ಹೋಲಿಸಿಕೊಳ್ಳುತ್ತಾನೆಂದು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಹೇಳಿದರು. 1980ರ ದಶಕದಲ್ಲಿ ಏಬ್ರಹಾಂ ಟೆಸರ್ ಈ ವಿಚಾರವನ್ನು ಮುಂದುವರಿಸಿದರು. ನಮಗೆ ಅಷ್ಟಾಗಿ ಮುಖ್ಯವಲ್ಲದ ಕ್ಷೇತ್ರದಲ್ಲಿ ಆಪ್ತರು ಗೆದ್ದರೆ ಆ ಬೆಳಕು ನಮ್ಮ ಮೇಲೂ ಬೀಳುತ್ತದೆ. ನಮ್ಮ ಬಾಳನ್ನೇ ತೊಡಗಿಸಿದ ಕ್ಷೇತ್ರದಲ್ಲಿ ಗೆದ್ದರೆ ಅದೇ ಬೆಳಕು ಕಣ್ಣು ಕುಕ್ಕುತ್ತದೆ. ಸಂಬಂಧ ಹತ್ತಿರವಾದಷ್ಟೂ ಹಿಗ್ಗೂ ಹೆಚ್ಚು, ನೋವೂ ಹೆಚ್ಚು. ನೋವಿನಿಂದ ಪಾರಾಗಲು ಮನಸ್ಸಿಗೆ ಮೂರು ದಾರಿಗಳಿವೆ: ಆ ವಿದ್ಯೆ ತನಗೆ ಮುಖ್ಯವಲ್ಲವೆನ್ನುವುದು, ಆಪ್ತರಿಂದ ದೂರ ಸರಿಯುವುದು, ಅವರ ಏಳಿಗೆಗೇ ಅಡ್ಡಬರುವುದು.

ಮೂರನೆಯ ದಾರಿಯನ್ನು ನಾನೂ ತುಳಿದವನು. ನನ್ನ ಪತ್ನಿ ಗಮಕಿ. ಆಕೆ ಕುಮಾರವ್ಯಾಸ ಭಾರತವನ್ನು ವಾಚಿಸುವಾಗ ವ್ಯಾಖ್ಯಾನ ನನ್ನದು. ಒಂದು ಸಭೆಯ ಬಳಿಕ ಹಿರಿಯರೊಬ್ಬರು, “ಅಮ್ಮನವರು ಓದಿದ ಮೇಲೆ ಅರ್ಥ ಹೇಳುವ ಅಗತ್ಯವೇ ಕಾಣಲಿಲ್ಲ” ಎಂದರು. ನಾನೂ ನಕ್ಕೆ. ಮುಂದಿನ ಸಭೆಯಲ್ಲಿ ನನ್ನ ವ್ಯಾಖ್ಯಾನ ಬೆಳೆಯಿತು. ಆಕೆ ಓದಬೇಕಾಗಿದ್ದ ಹತ್ತು ಪದ್ಯಗಳು ನಾಲ್ಕಕ್ಕೆ ಇಳಿದವು. ಆಕೆ ಏನೂ ಅನ್ನಲಿಲ್ಲ. ಮನೆಯಲ್ಲಿ ಬೆಳಗಿನ ಅಭ್ಯಾಸ ಮಾತ್ರ ನಿಂತುಹೋಯಿತು. ಅದನ್ನು ಗಮನಿಸುವುದಕ್ಕೇ ನನಗೆ ಬಹಳ ದಿನ ಬೇಕಾಯಿತು. “ಇಂದು ಓದುವುದಿಲ್ಲವೇ?” ಎಂದು ಕೇಳಿದಾಗ, “ಎಷ್ಟು ಪದ್ಯ ಓದಲಿ, ನೀವೇ ಹೇಳಿ” ಎಂದಳು.

ಹೋಲಿಕೆಯನ್ನು ಮನಸ್ಸಿನಿಂದ ಅಳಿಸಲಾಗದು. ಆದರೆ ನಾಲ್ಕನೆಯ ದಾರಿಯೊಂದಿದೆ. 1903ರಲ್ಲಿ ನೊಬೆಲ್ ಪ್ರಶಸ್ತಿಯ ಪರಿಗಣನೆಯಲ್ಲಿ ಮೇರಿಯವರ ಹೆಸರನ್ನು ಬಿಟ್ಟಿದ್ದಾರೆಂದು ತಿಳಿದಾಗ ಪಿಯರ್ ಕ್ಯೂರಿಯವರು ಪತ್ರ ಬರೆದು, ಪತ್ನಿಯ ಹೆಸರೂ ಸೇರಬೇಕೆಂದರು, ಹಾಗೆಯೇ ಆಯಿತು. ಇಬ್ಬರ ಕ್ಷೇತ್ರವೂ ಒಂದೇ. ಆದರೂ ನೋಯದಿದ್ದುದು, ಆ ಕೆಲಸವನ್ನು ಅವರು ‘ನಮ್ಮದು’ ಎಂದು ಎಣಿಸಿದ್ದರಿಂದ ಎಂದು ನಾನು ತಿಳಿಯುತ್ತೇನೆ.

ಗಮಕದಲ್ಲಿಯೂ ಸಭೆಗೆ ತಲುಪಬೇಕಾದುದು ಕಾವ್ಯ. ಈಗ ಪದ್ಯಗಳ ಆಯ್ಕೆ ಆಕೆಯದೇ. ನನ್ನ ವ್ಯಾಖ್ಯಾನ ಉದ್ದವಾಯಿತೆಂದರೆ ಆಕೆ ಮೆಲ್ಲನೆ ಶ್ರುತಿ ಹಿಡಿಯುತ್ತಾಳೆ. ನಾನು ಮಾತು ನಿಲ್ಲಿಸುತ್ತೇನೆ.